ಅಜ್ಜಿ ಹೇಳಿದ್ದು ಹತ್ತು ನಿಮಿಷ, ನಾನು ಹೇಳಿದ್ದು ನಾಲ್ಕೇ ಮಾತು

ಎರಡು ವರ್ಷದ ಹಿಂದೆ, ಬಿಸಿಲು ಏರುವ ಹೊತ್ತಿಗೆ, ಒಂದು ಸಂಸ್ಥೆಯವರು ಫೋನ್ ಮಾಡಿದರು. ಯುರೋಪಿನಿಂದ ಒಬ್ಬ ವಿದ್ಯಾರ್ಥಿನಿ ಬಂದಿದ್ದಾಳೆ, ಅಭಿವೃದ್ಧಿ ಅಧ್ಯಯನ ಓದುತ್ತಿದ್ದಾಳೆ, ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಂಟು ವಾರ ಕುಡಿಯುವ ನೀರಿನ ಬಗ್ಗೆ ಕೆಲಸ ಮಾಡುತ್ತಾಳೆ, ಮೊದಲ ವಾರ ಜೊತೆಗಿದ್ದು ಮಾತು ದಾಟಿಸಿಕೊಡಿ, ದಿನಕ್ಕೆ 600 ರೂಪಾಯಿ ಎಂದರು. ಸ್ಟ್ರಿಂಗರ್‌ಗೆ ಒಂದು ಸುದ್ದಿಗೆ ಎಷ್ಟು ಸಿಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ತಕ್ಷಣ ಒಪ್ಪಿಕೊಂಡೆ. ಊರಿನ ಹೆಸರು ಬರೆಯುತ್ತಿಲ್ಲ, ಕಾರಣ ಮುಂದೆ ತಿಳಿಯುತ್ತದೆ.

ಮೊದಲ ದಿನವೇ ಆಕೆಯ ಕೈಯಲ್ಲಿ 42 ಪ್ರಶ್ನೆಗಳ ಹಾಳೆ ಇತ್ತು. 'ನಿಮ್ಮ ಮನೆಗೆ ದಿನಕ್ಕೆ ಎಷ್ಟು ಲೀಟರ್ ನೀರು ಬೇಕು?' ಎಂಬುದು ಮೊದಲ ಪ್ರಶ್ನೆ. ನಮ್ಮ ಕಡೆ ನೀರನ್ನು ಲೀಟರಿನಲ್ಲಿ ಯಾರು ಎಣಿಸುತ್ತಾರೆ? ಕೊಡದಲ್ಲಿ ಎಣಿಸುತ್ತಾರೆ. ಆ ಕೊಡ ದೊಡ್ಡದೋ ಸಣ್ಣದೋ ಎಂದು ಕೇಳುವಷ್ಟರಲ್ಲಿ ಅರ್ಧ ದಿನ ಹೋಯಿತು. ಎರಡನೇ ದಿನ ಹನ್ನೊಂದು ಗಂಟೆಗೆ ಸಂಘದ ಹೆಣ್ಣುಮಕ್ಕಳ ಸಭೆ ಎಂದು ಸಂಸ್ಥೆಯವರು ನಿಗದಿ ಮಾಡಿದ್ದರು. ಯಾರೂ ಬರಲಿಲ್ಲ. ಎಲ್ಲರೂ ಖಾತ್ರಿ ಕೆಲಸಕ್ಕೆ ಹೋಗಿದ್ದರು. ಹುಡುಗಿ ಅಳುವುದೊಂದು ಬಾಕಿ.

ಮೂರನೇ ದಿನ ಆಕೆ ಹಾಳೆ ತರಲಿಲ್ಲ. ಸಂಜೆ ಒಂದು ಮನೆಯ ಪಡಸಾಲೆಯಲ್ಲಿ ಕೂತಳು. ಅವತ್ತು ಪ್ರಶ್ನೆ ಕೇಳಿದವರು ಊರಿನವರು. 'ಏನವಾ, ಅಪ್ಪ ಅವ್ವನ್ನ ಬಿಟ್ಟು ಇಷ್ಟು ದೂರ ಯಾಕ ಬಂದಿ? ಲಗ್ನ ಆಗೇತೇನು? ನಿಮ್ಮೂರಾಗ ನೀರು ಎಲ್ಲಿಂದ ತರತೀರಿ?' ಎಲ್ಲಕ್ಕೂ ಉತ್ತರ ಕೊಟ್ಟಳು. ರೊಟ್ಟಿ ಬಡಿಯಲು ಹೋಗಿ ಎರಡು ಹರಿದಳು. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ನನ್ನ ಲೆಕ್ಕದಲ್ಲಿ ಆಕೆಯ ಕೆಲಸ ಶುರುವಾದದ್ದು ಅವತ್ತು.

ನಾಲ್ಕನೇ ದಿನ ಅದೇ ಮನೆಯ ಅಜ್ಜಿ ತಾನಾಗಿಯೇ ಮಾತು ತೆಗೆದಳು. ಮೊದಲು ಸೇದುವ ಬಾವಿಯ ನೀರು ಕುಡಿಯುತ್ತಿದ್ದದ್ದು, ಬೋರ್ ಬಂದ ಮೇಲೆ ಬಾವಿಗೆ ಕಸ ತುಂಬಿದ್ದು, ಮೊಣಕಾಲು ಹಿಡಿದುಕೊಂಡದ್ದು, ಮಗ ಸೊಸೆ ಗೋವಾಕ್ಕೆ ದುಡಿಯಲು ಹೋದದ್ದು, ಶುದ್ಧ ನೀರಿನ ಘಟಕ ಕೆಟ್ಟಾಗ ಮತ್ತೆ ಬೋರ್ ನೀರೇ ಗತಿಯಾದದ್ದು. ಕೊನೆಗೆ ದನಿ ತಗ್ಗಿಸಿ, ಮೊಮ್ಮಗಳ ಹಲ್ಲು ಕಂದಾಗಿದೆ, ನೋಡಲು ಬಂದ ಬೀಗರು ಅದನ್ನೇ ಆಡಿ ಹೋದರು ಎಂದಳು. ಹತ್ತು ನಿಮಿಷ ಆಗಿರಬೇಕು.

ನಾನು ಹುಡುಗಿಗೆ ಹೇಳಿದ್ದು ಇಷ್ಟು: 'ನೀರಿನ ಸಮಸ್ಯೆ ಇದೆ, ಮಂಡಿನೋವು ಇದೆ.'

ಆಕೆ ನನ್ನ ಮುಖ ನೋಡಿ, 'ಅವರು ಅಷ್ಟು ಹೊತ್ತು ಮಾತಾಡಿದರು, ನೀವು ನಾಲ್ಕೇ ಮಾತು ಹೇಳಿದಿರಿ' ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಆದರೂ ನನಗೆ ಚುರುಕ್ ಎಂದಿತು.

ಏಕೆಂದರೆ ಹತ್ತು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ಫ್ಲೋರೈಡ್ ಬಗ್ಗೆ ನಾನೇ ಎಷ್ಟೋ ಸಲ ಬರೆದಿದ್ದೇನೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಕುದಿಸಿದರೆ ಹೋಗುವುದಿಲ್ಲ, ಆಳಕ್ಕೆ ಕೊರೆದಷ್ಟೂ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಇಳಿಯುತ್ತದೆ, ಎಲ್ಲ ಬಾಯಿಪಾಠ. ಒಮ್ಮೆ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಲ್ಲು ಕಿಸಿಸಿ ಫೋಟೊ ತೆಗೆದು ಪತ್ರಿಕೆಗೆ ಕಳಿಸಿದ್ದೆ. ಜಿಲ್ಲಾ ಪುಟದಲ್ಲಿ ನಾಲ್ಕು ಕಾಲಂ ಬಂತು. ಆ ಹೆಣ್ಣುಮಕ್ಕಳು ದೊಡ್ಡವರಾಗುತ್ತಾರೆ, ಅವರನ್ನೂ ನೋಡಲು ಬೀಗರು ಬರುತ್ತಾರೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

ಅಜ್ಜಿಯ ಮಾತನ್ನು ಮತ್ತೆ ಪೂರ್ತಿ ದಾಟಿಸಿದೆ. ಸಂಸ್ಥೆಯವರು ಕರಪತ್ರಕ್ಕೆಂದು ಹಲ್ಲಿನ ಫೋಟೊ ಕೇಳಿದ್ದರು. ಹುಡುಗಿ ಅಜ್ಜಿಯನ್ನು ಕೇಳಿದಳು. ಅಜ್ಜಿ ಬೇಡ ಎಂದಳು. ತೆಗೆಯಲಿಲ್ಲ. ಸಂಸ್ಥೆಯವರಿಗೆ ಬೇಸರವಾಯಿತು, ಆಗಲಿ.

ಹೊರದೇಶದ ವಿದ್ಯಾರ್ಥಿಗಳು ನಮ್ಮ ಹಳ್ಳಿಗೆ ಬಂದು ಏನು ಉದ್ಧಾರ ಮಾಡುತ್ತಾರೆ ಎಂದು ಗೊಣಗುವವರಲ್ಲಿ ನಾನೂ ಒಬ್ಬ. ಆ ಗೊಣಗಾಟಕ್ಕೆ ಕಾರಣ ಇದೆ. ಇವಾನ್ ಇಲಿಚ್ ಎಂಬ ಪಾದ್ರಿ 1968ರಲ್ಲೇ, ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೊರಟ ಅಮೆರಿಕದ ವಿದ್ಯಾರ್ಥಿಗಳ ಮುಂದೆ ನಿಂತು, ನೋಡಲು ಬನ್ನಿ, ಓದಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬರ್ಥದಲ್ಲಿ ಹೇಳಿದ್ದ. ಭಾಷೆ ಬಾರದ ಇಪ್ಪತ್ತರ ಹುಡುಗಿ ಎಂಟು ವಾರದಲ್ಲಿ ಫ್ಲೋರೈಡ್ ತೆಗೆಯಲಾರಳು. ಅದು ಸತ್ಯ. ಆದರೆ ಭಾಷೆ ಬರುವ ನಾನು ಹತ್ತು ವರ್ಷದಲ್ಲಿ ಆ ಅಜ್ಜಿಯ ಮಾತು ಕೇಳಿಸಿಕೊಂಡಿರಲಿಲ್ಲ ಎಂಬುದೂ ಸತ್ಯ.

ಹಾಗಾಗಿ ನನ್ನ ವಾದ 'ಬರಬೇಡಿ' ಎಂದಲ್ಲ. ಮೊದಲ ವಾರ ಅವರ ಕೈಗೆ ಕೆಲಸ ಕೊಡಬೇಡಿ ಎಂದು. ಪ್ರಶ್ನೆಯ ಹಾಳೆ ಬೇಡ, ಕ್ಯಾಮೆರಾ ಬೇಡ. ನೀರಿನ ಸಾಲಿನಲ್ಲಿ ನಿಲ್ಲಲಿ, ಊರಿನವರ ಪ್ರಶ್ನೆಗೆ ಉತ್ತರ ಕೊಡಲಿ. ಎರಡನೆಯದು, ವಿದ್ಯಾರ್ಥಿ ಬರುವ ಮೊದಲು ಊರನ್ನು ಕೇಳಿ. ನಮ್ಮ ಕಡೆ ಸಂಸ್ಥೆಯ ಜೀಪು ಬಂದು ನಿಂತಾಗಲೇ ಊರಿಗೆ ವಿಷಯ ಗೊತ್ತಾಗುವುದು. ಮೂರನೆಯದು, ವರದಿಯನ್ನು ಕನ್ನಡದಲ್ಲಿ ಊರಿಗೆ ಹಿಂದಿರುಗಿಸಿ.

ಇನ್ನೊಂದು ಮಾತು. ಜರ್ಮನಿ ಸರ್ಕಾರ 2008ರಿಂದ 'ವೆಲ್ಟ್‌ವೆರ್ಟ್ಸ್' ಎಂಬ ಯೋಜನೆಯಲ್ಲಿ ತನ್ನ 18ರಿಂದ 28ರ ಯುವಕರನ್ನು ಹೊರದೇಶಗಳಿಗೆ ಕಳಿಸುತ್ತಿದೆ. 2013ರಿಂದ ಆ ದೇಶಗಳ ಯುವಕರೂ ಜರ್ಮನಿಗೆ ಹೋಗಿ ಕೆಲಸ ಮಾಡಲು ದಾರಿ ಮಾಡಿದೆ. ನಮ್ಮ ಡಿಪ್ಲೊಮಾ ಹುಡುಗರಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೇ? ಕೊಪ್ಪಳದ ಹುಡುಗಿಯೊಬ್ಬಳು ಅಲ್ಲಿನ ಹಳ್ಳಿಯ ಅಡುಗೆಮನೆಯಲ್ಲಿ ಕೂತು, ನಿಮಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವ ದಿನ ಬಂದರೆ ಲೆಕ್ಕ ಸ್ವಲ್ಪ ಸಮ ಆಗುತ್ತದೆ. ನಾವು ತರಬೇತಿಗೆ ಹೋದಾಗ ಮೊದಲ ದಿನವೇ ಪೊಲೀಸ್ ಠಾಣೆಗೆ ಅಟ್ಟಿದ್ದರು, ಸಂಜೆಗೆ ಮೂರು ಸುದ್ದಿ ಬೇಕು ಎಂದು. ಕೂತು ಕೇಳುವುದನ್ನು ನಮಗೂ ಯಾರೂ ಕಲಿಸಲಿಲ್ಲ.

ಹುಡುಗಿ ಊರಿಗೆ ಹೋದ ಮೇಲೆ ತನ್ನ ವರದಿ ಕಳಿಸಿದಳು. ಎರಡು ಪುಟದಷ್ಟು ಕನ್ನಡಕ್ಕೆ ತಂದು, ಪಡಸಾಲೆಯಲ್ಲಿ ಕೂತು ಓದಿದೆ. ಅಜ್ಜಿ ಕೇಳಿ, 'ಬಾವಿಗೆ ಕಸ ತುಂಬಿದವರು ಯಾರು ಅನ್ನೋದು ಬಿಟ್ಟೀಯಲ್ಲೋ ತಮ್ಮಾ' ಎಂದಳು. ಅದನ್ನೂ ಸೇರಿಸಿ ಒಂದು ಪ್ರತಿ ಪಂಚಾಯಿತಿಗೆ ಕೊಟ್ಟೆ.

ಈ ಲೇಖನ ಬರೆಯುವ ಮುಂಚೆ ಮತ್ತೆ ಹೋಗಿ ಕೇಳಿದೆ. 'ಊರ ಹೆಸರು ಬ್ಯಾಡ, ನಮ್ಮ ಹೆಸರು ಬ್ಯಾಡ. ಉಳಿದದ್ದು ಬರಿ' ಎಂದಳು. ಬರೆದಿದ್ದೇನೆ.