ಉಳಿದ ಬೆಳಕಿನ ಕಾವಲು

ನಮ್ಮ ನಾಡಿನ ಹಿರಿಯ ತಲೆಮಾರಿನವರಿಗೆ ಕಣ್ಣಿನ ಚಿಕಿತ್ಸೆ ಎಂದೊಡನೆ ಡಾ. ಎಂ. ಸಿ. ಮೋದಿಯವರ ಶಿಬಿರಗಳು ನೆನಪಾಗುತ್ತವೆ. 2005ರಲ್ಲಿ ನಿಧನರಾದ ಆ ಮಹನೀಯರು ಊರೂರು ತಿರುಗಿ, ಕಣ್ಣಿನ ಪೊರೆ ತೆಗೆದು, ಅಸಂಖ್ಯ ಬಡವರಿಗೆ ಬೆಳಕು ಕೊಟ್ಟರು. ಪಟ್ಟಿ ಬಿಚ್ಚಿದೊಡನೆ ಮೊಮ್ಮಕ್ಕಳ ಮುಖ ಕಂಡು ಕಣ್ಣೀರಿಟ್ಟ ಅಜ್ಜ ಅಜ್ಜಿಯರ ಕಥೆ ಇಲ್ಲದ ಊರೇ ವಿರಳ. ಹೀಗಾಗಿ ಕಣ್ಣಿನ ಮದ್ದು ಎಂದರೆ ಹೋದ ನೋಟವನ್ನು ಮರಳಿ ತರುವಂಥದು ಎಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಪೊರೆಯ ಮಟ್ಟಿಗೆ ಅದು ನಿಜ. ಗ್ಲಾಕೋಮಾ ಎಂಬ ರೋಗದಲ್ಲಿ ಮಾತ್ರ ಅದೇ ಭಾವನೆ ಮನೆಯ ಹಿರಿಯರನ್ನು ಕತ್ತಲೆಗೆ ನೂಕುತ್ತಿದೆ. ಈ ರೋಗದ ಮದ್ದು ಹೋದದ್ದನ್ನು ತರಲಾರದು; ಉಳಿದದ್ದನ್ನು ಕಾಯಬಲ್ಲದು. ಈ ಒಂದು ಮಾತನ್ನು ಓದುಗ ಬಂಧುಗಳ ಮನಸ್ಸಿಗೆ ಮುಟ್ಟಿಸುವುದೇ ಈ ತಿಂಗಳ ನಮ್ಮ ಉದ್ದೇಶ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಕಣ್ಣಿನ ಒಳಗೆ, ಮುಂಭಾಗದಲ್ಲಿ, ಒಂದು ತಿಳಿನೀರು ಸದಾ ಉತ್ಪತ್ತಿಯಾಗುತ್ತಿರುತ್ತದೆ. ಇದು ಕಣ್ಣೀರಲ್ಲ. ಕರಿಗುಡ್ಡೆಯ ಅಂಚಿನ ಕೋನದಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಅದು ಹೊರಹರಿಯುತ್ತದೆ. ಭದ್ರಾ ನಾಲೆಯ ಬಯಲಿನ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕೆರೆಗೆ ಒಳಹರಿವು ಇದ್ದಂತೆ ತೂಬೂ ಇರಬೇಕು. ತೂಬಿನ ಬಾಯಿ ತೆರೆದೇ ಇದ್ದು, ಒಳಗಿನ ದಾರಿಯಲ್ಲಿ ಹೂಳು ಕಟ್ಟಿದರೆ ನೀರು ಏರಿ ಏರಿ ಏರಿಯ ಮೇಲೆ ಭಾರ ಬೀಳುತ್ತದೆ. ತೆರೆದ ಕೋನದ ಗ್ಲಾಕೋಮಾ ಎಂದರೆ ಇದೇ. ಕಣ್ಣಿನ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರಿನೊಳಗೆ ಇರುತ್ತದೆ. ಅದು ಏರಿದಾಗ, ಕೆಲವರಲ್ಲಿ ಏರದೆಯೂ, ಕಣ್ಣಿನಿಂದ ಮಿದುಳಿಗೆ ನೋಟವನ್ನು ಒಯ್ಯುವ ದೃಷ್ಟಿನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ಇದರಲ್ಲಿ ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ನೋಟ ಮೊದಲು ಸವೆಯುವುದು ಅಂಚಿನಲ್ಲಿ. ನಡುವಿನ ನೋಟ ಬಹುಕಾಲ ನಿಚ್ಚಳವಾಗಿರುತ್ತದೆ. ನಿತ್ಯ ಲಿಂಗಪೂಜೆ ಮಾಡುವ ಹಿರಿಯರೊಬ್ಬರು ಅಂಗೈಯ ಮೇಲಿನ ಇಷ್ಟಲಿಂಗವನ್ನು ಸ್ಪಷ್ಟವಾಗಿ ಕಾಣುತ್ತಾರೆ, ವಚನದ ಪುಸ್ತಕ ಓದುತ್ತಾರೆ. ಪೂಜೆ ಮುಗಿಸಿ ಎದ್ದರೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ, ಪಕ್ಕದಲ್ಲಿಟ್ಟ ತಂಬಿಗೆಯನ್ನು ಎಡವುತ್ತಾರೆ. ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ರೋಗ ಆ ಮೌನದಲ್ಲಿ ಬೆಳೆಯುತ್ತದೆ. ನಮ್ಮ ದೇಶದಲ್ಲಿ 40 ವರ್ಷ ದಾಟಿದವರ ಪೈಕಿ ಸುಮಾರು 65 ಲಕ್ಷ ಮಂದಿಗೆ ತೆರೆದ ಕೋನದ ಗ್ಲಾಕೋಮಾ ಇದೆಯೆಂದು 2010ರಲ್ಲಿ ತಜ್ಞರು ಅಂದಾಜು ಮಾಡಿದ್ದರು. ಅವರಲ್ಲಿ ಬಹುಪಾಲು ಜನರಿಗೆ ತಮಗೆ ರೋಗವಿದೆಯೆಂಬುದೇ ತಿಳಿದಿರುವುದಿಲ್ಲ.

ತಿಳಿದ ಮೇಲೂ ಕೈಬಿಡುವವರುಂಟು. ಭದ್ರಾವತಿಯಲ್ಲಿ ನಮಗೆ ಪರಿಚಿತರಾದ ನಿವೃತ್ತ ಕಾರ್ಮಿಕರೊಬ್ಬರಿಗೆ ಶಿವಮೊಗ್ಗದ ವೈದ್ಯರು ರಾತ್ರಿಗೊಂದು ಹನಿ ಬರೆದುಕೊಟ್ಟಿದ್ದರು. ಅವರು ನಾಲ್ಕು ತಿಂಗಳು ಹಾಕಿದರು. ನೋಟದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. "ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ, ಮಗನಿಗೆ ಸುಮ್ಮನೆ ಯಾಕೆ ಖರ್ಚು?" ಎಂದು ಮನೆಯಲ್ಲಿ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟರು. ಎರಡು ವರ್ಷದ ಮೇಲೆ ಮಗ ಕರೆದೊಯ್ದಾಗ ಎಡಗಣ್ಣಿನಲ್ಲಿ ಬೆಳಕಿನ ಅರಿವು ಮಾತ್ರ ಉಳಿದಿತ್ತು. ಬದಲಾವಣೆ ಕಾಣದಿದ್ದದ್ದೇ ಆ ಹನಿಯ ಫಲ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಈಗ ಅವರ ಬಲಗಣ್ಣಿನ ಹನಿಯನ್ನು ಸೊಸೆಯೇ ನಿಂತು ಹಾಕುತ್ತಾಳೆ. ಆ ಕಣ್ಣಿನ ನೋಟ ಇದ್ದಂತೆಯೇ ಇದೆ.

ಚಿಕಿತ್ಸೆಯ ಗುರಿ ಒಂದೇ, ಒತ್ತಡವನ್ನು ಇಳಿಸುವುದು. ಒಳಹರಿವನ್ನು ಕಡಿಮೆ ಮಾಡಬಹುದು, ಇಲ್ಲವೇ ಹೊರಹರಿವನ್ನು ಹೆಚ್ಚಿಸಬಹುದು. ಲಟಾನೊಪ್ರೋಸ್ಟ್, ಟ್ರಾವೊಪ್ರೋಸ್ಟ್, ಬೈಮಟೊಪ್ರೋಸ್ಟ್ ಎಂಬ ಹನಿಗಳು ಹೊರಹರಿವನ್ನು ಹೆಚ್ಚಿಸುತ್ತವೆ. ದಿನಕ್ಕೊಮ್ಮೆ, ಸಾಮಾನ್ಯವಾಗಿ ರಾತ್ರಿ, ಹಾಕಿದರೆ ಸಾಕು; ಒತ್ತಡ ಕಾಲುಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ, ಇಳಿಯುತ್ತದೆ. ಕಣ್ಣು ತುಸು ಕೆಂಪಾಗುವುದು, ರೆಪ್ಪೆಯ ಕೂದಲು ಉದ್ದವಾಗುವುದು, ರೆಪ್ಪೆಯ ಚರ್ಮ ಕಪ್ಪಾಗುವುದು ಇವುಗಳ ಅಡ್ಡಪರಿಣಾಮ. 1978ರಿಂದ ಬಳಕೆಯಲ್ಲಿರುವ ಟಿಮೊಲಾಲ್ ಒಳಹರಿವನ್ನು ತಗ್ಗಿಸುತ್ತದೆ, ಬೆಲೆಯೂ ಕಡಿಮೆ. ಆದರೆ ಕಣ್ಣಿಗೆ ಬಿದ್ದ ಹನಿ ಮೂಗಿನ ದಾರಿಯಿಂದ ರಕ್ತವನ್ನು ಸೇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಉಬ್ಬಸಪಡುವ ಹಿರಿಯರಿಗೆ, ನಾಡಿಬಡಿತ ನಿಧಾನವಿರುವವರಿಗೆ ಅದು ಅಪಾಯಕಾರಿ. ಆ ಕಾಯಿಲೆಗಳಿದ್ದರೆ ಕಣ್ಣಿನ ವೈದ್ಯರಿಗೆ ತಪ್ಪದೆ ಹೇಳಬೇಕು. ಡಾರ್ಜೊಲಮೈಡ್, ಬ್ರಿಂಜೊಲಮೈಡ್ ಹಾಕಿದಾಗ ಬಾಯಿ ಕಹಿಯಾದೀತು. ಸಲ್ಫಾ ಔಷಧ ಒಗ್ಗದವರು ಮೊದಲೇ ತಿಳಿಸಬೇಕು. ಬ್ರಿಮೊನಿಡಿನ್ ಬಾಯಿ ಒಣಗಿಸುತ್ತದೆ, ಮಂಪರು ತರುತ್ತದೆ. ಎಳೆಯ ಮಕ್ಕಳ ಕೈಗೆ ಆ ಬಾಟಲಿ ಸಿಗಲೇಬಾರದು. ಅಸೆಟಜೊಲಮೈಡ್ ಮಾತ್ರೆ ಸಾಮಾನ್ಯವಾಗಿ ಅಲ್ಪಕಾಲಕ್ಕೆ ಮಾತ್ರ ಕೊಡುವಂಥದು. ಒಂದು ಹನಿಯಿಂದ ಕಣ್ಣು ಉರಿದರೆ ವೈದ್ಯರು ಇನ್ನೊಂದನ್ನು ಕೊಟ್ಟಾರು. ತಾವಾಗಿಯೇ ನಿಲ್ಲಿಸುವುದು ಸಲ್ಲದು.

ಹನಿಯ ಜೊತೆಗೆ ಲೇಸರ್ ಚಿಕಿತ್ಸೆಯೂ ಇದೆ. ಹೂಳು ಕಟ್ಟಿದ ಜಾಲರಿಯ ಮೇಲೆ ಬೆಳಕಿನ ಕಿರಣ ಹಾಯಿಸಿ ಹೊರಹರಿವನ್ನು ಸುಗಮಗೊಳಿಸುವ ಈ ಕ್ರಮಕ್ಕೆ ಕೆಲವೇ ನಿಮಿಷ ಸಾಕು, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಬ್ರಿಟನ್ನಿನಲ್ಲಿ 718 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿಗೇ ಲೇಸರ್ ಪಡೆದವರ ಪೈಕಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಮೂರು ವರ್ಷದವರೆಗೂ ಹನಿಯ ಅಗತ್ಯ ಬೀಳಲಿಲ್ಲ. ಹನಿ ಮರೆಯುವವರು, ದಿನವೂ ಹಾಕಲು ಜೊತೆಗಾರರಿಲ್ಲದವರು ಈ ಬಗ್ಗೆ ವೈದ್ಯರನ್ನು ಕೇಳುವುದು ಒಳಿತು. ಆದರೆ ಲೇಸರಿನ ಫಲ ವರ್ಷಗಳು ಕಳೆದಂತೆ ತಗ್ಗಬಹುದು, ತಪಾಸಣೆ ತಪ್ಪುವಂತಿಲ್ಲ. ಇವೆರಡೂ ಸಾಲದಾದಾಗ ಶಸ್ತ್ರಕ್ರಿಯೆ. ಕೆರೆಗೆ ಹೊಸ ಕೋಡಿ ತೋಡಿದಂತೆ, ಕಣ್ಣಿನ ಬಿಳಿಭಾಗದಲ್ಲಿ ನೀರು ಹೊರಹೋಗಲು ಸಣ್ಣ ದಾರಿ ಮಾಡುತ್ತಾರೆ. ಕೆಲವರಿಗೆ ನವುರಾದ ಕೊಳವೆ ಅಳವಡಿಸುತ್ತಾರೆ. ಅಂಥ ಕೊಳವೆಯ ಸಾಧನವೊಂದು ಮದುರೆಯ ಅರೋಲ್ಯಾಬಿನಲ್ಲಿ ತಯಾರಾಗುತ್ತಿರುವುದರಿಂದ ಬೆಲೆ ನಮ್ಮವರ ಕೈಗೆಟುಕುವಂತಾಗಿದೆ. ಶಸ್ತ್ರಕ್ರಿಯೆಯ ನಂತರವೂ ನೋಟ ಹೆಚ್ಚಾಗುವುದಿಲ್ಲ ಎಂಬುದನ್ನು ಮನೆಯವರು ಮೊದಲೇ ಅರಿತಿದ್ದರೆ ಅನಂತರ ನಿರಾಶೆಯಿಲ್ಲ.

ಹನಿ ಹಾಕುವುದಕ್ಕೂ ಕ್ರಮವಿದೆ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಹಾಕಬೇಕು. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಅನಂತರ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಮದ್ದು ಕಣ್ಣಿನಲ್ಲೇ ಉಳಿಯುತ್ತದೆ, ಮೈಗೆ ಇಳಿಯುವುದು ಕಡಿಮೆಯಾಗುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟು, ವೈದ್ಯರು ಹೇಳಿದ ಅವಧಿಗೆ, ಹೆಚ್ಚಾಗಿ ತಿಂಗಳಿಗೆ, ಬದಲಿಸಬೇಕು. ರಾತ್ರಿಯ ಊಟ ಮುಗಿದ ಬಳಿಕ ಎಂದೋ ಮಲಗುವ ಮುನ್ನ ಎಂದೋ ಒಂದು ಹೊತ್ತನ್ನು ಗೊತ್ತುಮಾಡಿಕೊಂಡರೆ ಮರೆವು ಬಾಧಿಸದು.

ಕೆಲವು ಎಚ್ಚರಿಕೆಗಳುಂಟು. ಅಡಿಕೆ ಸುಲಿಯುವ ಕಾಲದಲ್ಲಿ ಧೂಳಿಗೆ ಕಣ್ಣು ತುರಿಸಿತೆಂದು ಅಂಗಡಿಯಿಂದ ತಂದ ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿದರೆ ಅದೇ ಗ್ಲಾಕೋಮಾಕ್ಕೆ ಕಾರಣವಾದೀತು. ಜೇನು, ಸೊಪ್ಪಿನ ರಸಗಳನ್ನು ಕಣ್ಣಿಗೆ ಬಿಡಬಾರದು. ಈ ರೋಗವುಳ್ಳವರು ಶೀರ್ಷಾಸನ ಮಾಡಕೂಡದು. ತಲೆ ಕೆಳಗಾದಾಗ ಕಣ್ಣಿನ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕುಳಿತು ಮಾಡುವ ಧ್ಯಾನಕ್ಕೆ ಅಡ್ಡಿಯಿಲ್ಲ.

ರೋಗ ರಕ್ತಸಂಬಂಧದಲ್ಲಿ ಹರಿದು ಬರುತ್ತದೆ. ಒಬ್ಬರಿಗಿದ್ದರೆ ಅವರ ಒಡಹುಟ್ಟಿದವರೂ ಮಕ್ಕಳೂ 40 ವರ್ಷ ದಾಟಿದೊಡನೆ, ತೊಂದರೆ ಇಲ್ಲದಿದ್ದರೂ, ಪರೀಕ್ಷಿಸಿಕೊಳ್ಳಬೇಕು. ಕನ್ನಡಕದ ನಂಬರು ನೋಡಿದರೆ ಸಾಲದು. ಒತ್ತಡ ಅಳೆದು, ದೃಷ್ಟಿನರವನ್ನು ನೋಡಿ, ಬೇಕಾದರೆ ಅಂಚಿನ ನೋಟದ ಪರೀಕ್ಷೆಯನ್ನೂ ಮಾಡಿಸಬೇಕು. ಶಿವಮೊಗ್ಗದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಯೂ, ತೀರ್ಥಹಳ್ಳಿ ರಸ್ತೆಯ ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯೂ ಇವೆ. ಭದ್ರಾವತಿಯಿಂದ ಅಲ್ಲಿಗೆ ಹೋಗಿ ಬರುವುದು ಅರ್ಧ ದಿನದ ಕೆಲಸ. ಕಾಗದದ ಕಾರ್ಖಾನೆ ನಿಂತ ಮೇಲೆ ಭದ್ರಾವತಿಯ ಅನೇಕ ಮನೆಗಳಲ್ಲಿ ಕೈ ಬಿಗಿಯಾಗಿರುವುದನ್ನು ನಾವು ಬಲ್ಲೆವು. ಬೆಲೆ ಭಾರವಾದರೆ ಅದನ್ನು ವೈದ್ಯರಿಗೆ ನಾಚದೆ ಹೇಳಿ, ಅಗ್ಗದ ಹನಿ ಬರೆಸಿಕೊಂಡು, ಜನೌಷಧಿ ಕೇಂದ್ರದಲ್ಲಿ ವಿಚಾರಿಸಬಹುದು.

ಹಿರಿಯರು ಮಕ್ಕಳಿಗೆ ಖರ್ಚಾದೀತೆಂದು ಹಿಂಜರಿಯುತ್ತಾರೆ. ಮಕ್ಕಳು ಅಪ್ಪ ಹನಿ ಹಾಕಿಕೊಳ್ಳುತ್ತಿದ್ದಾರೆಂದೇ ತಿಳಿದಿರುತ್ತಾರೆ. ಈ ಎರಡರ ನಡುವೆ ಒಂದು ಕಣ್ಣು ಹೋಗುತ್ತದೆ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರ ಬಳಿ ಕುಳಿತು, "ಅಪ್ಪಾಜಿ, ಹನಿ ಆಯಿತೇ?" ಎಂದು ಒಮ್ಮೆ ಕೇಳಿರಿ. ಬಾಟಲಿಯ ಮೇಲಿನ ದಿನಾಂಕವನ್ನೂ ನೋಡಿರಿ.