ಚಟ ಬಿಟ್ಟ ಹುಡುಗನ ಕೈಗೆ ಕೆಲಸ ಕೊಡುವವರು ಯಾರು?

ಹುಬ್ಬಳ್ಳಿ-ಧಾರವಾಡ: ಗುಟ್ಕಾ, ಗಾಂಜಾ, ಮದ್ಯದ ಚಟಕ್ಕೆ ಬಿದ್ದ ಹದಿಹರೆಯದವರಿಗೆ ಚಿಕಿತ್ಸೆ ಕೊಡಿಸಲು ಅವಳಿ ನಗರದಲ್ಲಿ ದಾರಿಯಿದೆ. ಧಾರವಾಡದ ಡಿಮ್ಹಾನ್ಸ್ ಇದೆ, ಉಚಿತ ಸಹಾಯವಾಣಿ 14446 ಇದೆ. ತೊಡಕು ಇರುವುದು ಚಿಕಿತ್ಸೆಯ ನಂತರ. ಶಾಲೆ ಬಿಟ್ಟ ಹುಡುಗ ಮಾಡಲು ಕೆಲಸವಿಲ್ಲದೆ ಅದೇ ಕಟ್ಟೆಗೆ, ಅದೇ ಗೆಳೆಯರ ನಡುವೆ ಮರಳುತ್ತಾನೆ.

ಇದಕ್ಕೆ ಧರ್ಮಸ್ಥಳದ ಮಾದರಿಯಿದೆ. ಪೂಜ್ಯ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದ ಮದ್ಯವರ್ಜನ ಶಿಬಿರಗಳು ಎಂಟು ದಿನಕ್ಕೆ ಮುಗಿದರೂ, ಚಟ ಬಿಟ್ಟವರನ್ನು ನವಜೀವನ ಸಮಿತಿಗಳು ಕೈಬಿಡುವುದಿಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಊಟ-ವಸತಿ ಸಹಿತ ಉಚಿತ ಸ್ವಉದ್ಯೋಗ ತರಬೇತಿ ನೀಡುತ್ತದೆ. ಧಾರವಾಡದಲ್ಲೂ ಅದರ ಕೇಂದ್ರವಿದೆ. ಆದರೆ ಪ್ರವೇಶಕ್ಕೆ 18 ವರ್ಷ ತುಂಬಿರಬೇಕು. ಚಟ 14-15ಕ್ಕೇ ಅಂಟಿಕೊಂಡರೆ ನಡುವಿನ ಮೂರು-ನಾಲ್ಕು ವರ್ಷ ಆ ಹುಡುಗನಿಗೆ ಆಸರೆ ಯಾರು?

ಓದು ಮುಂದುವರಿಸಬಲ್ಲವರಿಗೆ ಐಟಿಐ ಇದೆ. ಉಳಿದವರಿಗೆ ಹೊಲಿಗೆ, ಮೊಬೈಲ್ ರಿಪೇರಿ, ಅಂಗಡಿ ಲೆಕ್ಕ ಕಲಿಸಬಲ್ಲ ವರ್ತಕರು ಸಮಾಜದಲ್ಲಿ ಬೇಕಾದಷ್ಟಿದ್ದಾರೆ. 14 ದಾಟಿದವರು ಅಪಾಯವಿಲ್ಲದ ಕೆಲಸ ಮಾಡಲು ಕಾನೂನಿನ ಅಡ್ಡಿಯಿಲ್ಲ. ಆದರೆ ದಿನಕ್ಕೆ ಆರು ಗಂಟೆ ಮೀರಬಾರದು, ಸಂಜೆ 7ರ ನಂತರ ದುಡಿಸಬಾರದು. ಅಗ್ಗದ ಆಳು ಸಿಕ್ಕನೆಂದು ಇಟ್ಟುಕೊಂಡರೆ ಉದ್ದೇಶವೇ ಕೆಡುತ್ತದೆ. ಸಂಬಳ ನಗದಾಗಿ ಕೈಗೆ ಕೊಡದೆ ಬ್ಯಾಂಕ್ ಖಾತೆಗೆ ಹಾಕುವುದು ಲೇಸು. ಕಿಸೆಯ ದುಡ್ಡೇ ಎಷ್ಟೋ ಸಲ ಹಳೆಯ ದಾರಿ ತೋರಿಸುತ್ತದೆ. ಒಂದು ದಿನ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವ ಹಿರಿಯರೂ ಬೇಕು.

ಸಪ್ತ ವ್ಯಸನ ತ್ಯಾಗ ಪ್ರವಚನದಲ್ಲಿ ಕೇಳಿಬರುವ ಮಾತು. ಒಬ್ಬ ವರ್ತಕ ಒಬ್ಬ ಹುಡುಗನ ಹೊಣೆ ಹೊತ್ತರೆ ಅದು ಆಚರಣೆಗೂ ಬಂದೀತು.