ಮನೆಮಾತು: ಆಕಾಶದ ಗಣಿಯಲ್ಲಿ ಹೊಸಬನ ಕೂಲಿ

ನಮ್ಮ ಮನೆಗಳ ಹುಡುಗರು ಈಗ ಗಣಿ ತೋಡುತ್ತಿದ್ದಾರೆ. ಕೈಗೆ ಮಣ್ಣು ಹತ್ತುವುದಿಲ್ಲ, ಮೈ ಬೆವರುವುದಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು, ಆಕಾಶದಲ್ಲಿ ತೇಲುವ ಬಂಡೆಗಳ ಮೇಲೆ ಲೇಸರು ಕಿರಣ ಹಾಯಿಸಿ ಅದಿರು ತೆಗೆಯುತ್ತಾರೆ. ಊಟಕ್ಕೆ ಕರೆದರೆ, "ಇನ್ನೊಂದು ಹತ್ತು ನಿಮಿಷ ಅಮ್ಮ, ಹಡಗು ತುಂಬಿಬಿಡಲಿ" ಎನ್ನುತ್ತಾರೆ. ಯಾವ ಹಡಗು, ಅದರಲ್ಲಿ ತುಂಬುವುದೇನು, ತುಂಬಿದ್ದನ್ನು ಕೊಳ್ಳುವವರು ಯಾರು ಎಂದು ಕೇಳುವ ತಾಳ್ಮೆ ಹಿರಿಯರಿಗೆ ಇರುವುದಿಲ್ಲ. ವಿವರಿಸುವ ತಾಳ್ಮೆ ಹುಡುಗರಿಗೂ ಇಲ್ಲ. ಈ ಸಂಚಿಕೆಯಲ್ಲಿ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣವೆಂದಿದ್ದೇವೆ.

ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ನಾವು ಹೋಗುವುದಿಲ್ಲ. ಅದು ಮನೆಮನೆಯಲ್ಲೂ ಸಾಕಷ್ಟು ನಡೆದಿದೆ. ನಮಗೆ ಕುತೂಹಲ ಹುಟ್ಟಿಸಿದ ಪ್ರಶ್ನೆ ಬೇರೆ. ಸಾವಿರಾರು ಮಂದಿ ವರ್ಷಗಟ್ಟಲೆ ಆಡಿ ಸಂಪತ್ತು ಕೂಡಿಟ್ಟ ಲೋಕಕ್ಕೆ ಇವತ್ತು ಬೆಳಿಗ್ಗೆ ಕಾಲಿಟ್ಟವನ ದುಡಿಮೆಗೆ ಬೆಲೆ ಬರುವಂತೆ ನಿಯಮ ಕಟ್ಟುವುದು ಹೇಗೆ? ಊರು ಬಿಟ್ಟು ಬಂದು, ಮೊದಲೇ ನೆಲೆಯೂರಿದವರ ನಡುವೆ ಒಂದಿಷ್ಟು ಜಾಗ ಮಾಡಿಕೊಂಡ ನಮ್ಮಂಥವರಿಗೆ ಈ ಪ್ರಶ್ನೆ ಅಷ್ಟೇನೂ ಅಪರಿಚಿತವಲ್ಲ. ಅಲ್ಲದೆ ಪುಣೆ, ಹೈದರಾಬಾದುಗಳಲ್ಲಿ ಇಂಥ ಆಟಗಳನ್ನು ಕಟ್ಟುವ ಕಚೇರಿಗಳೇ ಇವೆ. ಇವತ್ತು ಆಡುವ ಹುಡುಗನೋ ಹುಡುಗಿಯೋ ನಾಳೆ ಅಲ್ಲಿ ಕುಳಿತು ಇದೇ ಲೆಕ್ಕ ಹಾಕಬೇಕಾದೀತು.

ಸರಳವಾದದ್ದರಿಂದ ಆರಂಭಿಸೋಣ. 2002ರಲ್ಲಿ ಜರ್ಮನಿಯಲ್ಲಿ ಹುಟ್ಟಿದ 'ಓಗೇಮ್' ಎಂಬ ಆಟವಿದೆ. ಅದರಲ್ಲಿ ಪ್ರತಿಯೊಬ್ಬನಿಗೂ ಒಂದು ಗ್ರಹ. ಗ್ರಹದಲ್ಲಿ ಲೋಹದ ಗಣಿ, ಸ್ಫಟಿಕದ ಗಣಿ. ಗಣಿಯನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ ಹೋಗಬೇಕು. ಇದರ ಗುಟ್ಟಿರುವುದು ಎರಡು ಅಂಕಿಗಳಲ್ಲಿ. ಒಂದು ಮೆಟ್ಟಿಲು ಏರಿದಾಗಲೆಲ್ಲ ಮುಂದಿನ ಮೆಟ್ಟಿಲಿನ ಖರ್ಚು ಒಂದೂವರೆ ಪಟ್ಟಾಗುತ್ತದೆ. ಉತ್ಪತ್ತಿ ಮಾತ್ರ ಅಷ್ಟು ವೇಗವಾಗಿ ಬೆಳೆಯುವುದಿಲ್ಲ. ಸಾಮಾನ್ಯ ವೇಗದ ಲೋಕದಲ್ಲಿ ಹತ್ತನೆಯ ಮೆಟ್ಟಿಲಿಗೆ ಸುಮಾರು 2,300 ಲೋಹ ಬೇಕು, ಅದರಿಂದ ಗಂಟೆಗೆ ಸುಮಾರು 140 ಹೆಚ್ಚು ಸಿಗುತ್ತದೆ. ಹಾಕಿದ ಲೋಹ 16 ಗಂಟೆಗಳಲ್ಲಿ ವಾಪಸು. ಇಪ್ಪತ್ತನೆಯದಕ್ಕೆ ಒಂದು ಲಕ್ಷದ ಮೂವತ್ತಮೂರು ಸಾವಿರ. ವಾಪಸಾಗಲು ಹತ್ತು ದಿನ. ಮೂವತ್ತನೆಯದಕ್ಕೆ ಎಪ್ಪತ್ತಾರು ಲಕ್ಷಕ್ಕೂ ಮಿಕ್ಕಿ. ಹಾಕಿದ್ದು ಕೈಗೆ ಬರಲು ಐದೂವರೆ ತಿಂಗಳು ಕಾಯಬೇಕು. ಸ್ಫಟಿಕದ ಖರ್ಚು ಬೇರೆ.

ಇದರ ಅರ್ಥ ಸ್ಪಷ್ಟ. ಹಳಬನ ಬಳಿ ಎಷ್ಟೇ ಇದ್ದರೂ ಅವನ ಮುಂದಿನ ಹೆಜ್ಜೆ ಭಾರವಾಗುತ್ತ ಹೋಗುತ್ತದೆ. ಹೊಸಬನ ಹೆಜ್ಜೆ ಹಗುರ. ಯಾರಿಂದಲೂ ಏನನ್ನೂ ಕಿತ್ತುಕೊಳ್ಳದೆ, ಯಾರಿಗೂ ದಾನ ಕೊಡದೆ, ಇಬ್ಬರ ನಡುವಣ ಅಂತರವನ್ನು ಸೂತ್ರವೊಂದೇ ಕಡಿಮೆ ಮಾಡುತ್ತದೆ. ಸೊಗಸಾದ ಏರ್ಪಾಟೆಂದೇ ನಮ್ಮ ಅಭಿಪ್ರಾಯ. ಆದರೆ ಇದೇ ಆಟದಲ್ಲಿ ಹಳಬನು ನೌಕಾಪಡೆ ಕಳಿಸಿ, ಹೊಸಬನು ಕೂಡಿಟ್ಟದ್ದರಲ್ಲಿ ಅರ್ಧದಷ್ಟನ್ನು ರಾತ್ರೋರಾತ್ರಿ ಹೊತ್ತೊಯ್ಯಬಹುದು. ಗಣಿಯ ಸೂತ್ರ ಕೊಟ್ಟದ್ದನ್ನು ಲೂಟಿಯ ಸೂತ್ರ ಕಸಿಯಿತು! ಅದಕ್ಕೇ ತೀರ ಬಲಿಷ್ಠನಾದವನು ತೀರ ಎಳಬನನ್ನು ಹೊಡೆಯಕೂಡದೆಂಬ ರಕ್ಷಣೆಯ ನಿಯಮವನ್ನೂ ಇಟ್ಟರು. ಗಣಿಯ ಇಳುವರಿಯನ್ನು ಒಂದರಿಂದಲೇ ಅಳೆಯಬಾರದೆಂಬುದು ಇಲ್ಲಿಂದಲೇ ಗೊತ್ತಾಗುತ್ತದೆ: ತೆಗೆದದ್ದೆಷ್ಟು ಎಂಬುದಕ್ಕಿಂತ ಉಳಿದದ್ದೆಷ್ಟು, ಮಾರಿದಾಗ ಬಂದದ್ದೆಷ್ಟು ಎಂಬುದು ಮುಖ್ಯ.

ಮಾರಾಟದ ಮಾತು ಬಂದರೆ ಐಸ್‌ಲೆಂಡಿಗೆ ಹೋಗಬೇಕು. ಅಲ್ಲಿನ ರೇಕ್ಯಾವಿಕ್ ನಗರದ ಸಿಸಿಪಿ ಕಂಪನಿ 2003ರ ಮೇ ತಿಂಗಳಲ್ಲಿ 'ಈವ್ ಆನ್‌ಲೈನ್' ಆಟವನ್ನು ತೆರೆಯಿತು. ಇದರ ವಿಶೇಷವೇನೆಂದರೆ, ಗಣಿಗಾರನಿಗೆ ಆಟವು ತಾನಾಗಿ ಹಣ ಕೊಡುವುದಿಲ್ಲ. ಅವನ ಕೈಗೆ ಬರುವುದು ಅದಿರು ಮಾತ್ರ. ಅದನ್ನು ಇನ್ನೊಬ್ಬ ಆಟಗಾರ ಕೊಂಡಾಗಲೇ ದುಡ್ಡು. ಹಡಗುಗಳನ್ನು ಕಟ್ಟುವವರೂ ಆಟಗಾರರೇ, ಯುದ್ಧದಲ್ಲಿ ಸುಟ್ಟು ಕಳೆಯುವವರೂ ಅವರೇ. ಸಂತೆ ಎಷ್ಟು ನಿಜವಾಗಿತ್ತೆಂದರೆ, 2007ರಲ್ಲಿ ಕಂಪನಿಯವರು ಎಯೋಲ್ಫುರ್ ಗುಡ್‌ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನೇ ನೇಮಿಸಿಕೊಂಡರು. ಅವರು ಮುಂದೆ 2014ರಲ್ಲಿ ಆಕುರೇರಿ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾದರು. ಮಕ್ಕಳಾಟವೆಂದು ನಗುವವರು ಇದನ್ನು ಗಮನಿಸಬೇಕು.

ಇಂಥ ಸಂತೆಯಲ್ಲಿ ಹೊಸಬನಿಗೆ ಸಹಾಯ ಮಾಡುವುದು ಕಷ್ಟ. "ಹೊಸಬರಿಗೆ ಎರಡು ಪಟ್ಟು ಅದಿರು ಕೊಡಿ" ಎಂದು ಯಾರಾದರೂ ಹೇಳಿಯಾರು. ಕೊಟ್ಟರೆ ಏನಾಗುತ್ತದೆ? ಎಲ್ಲ ಹೊಸಬರೂ ಎರಡು ಪಟ್ಟು ಸರಕು ತಂದು ಸುರಿಯುತ್ತಾರೆ, ಬೆಲೆ ಕುಸಿಯುತ್ತದೆ, ಕೊನೆಗೆ ಕೈಗೆ ಬರುವುದು ಮೊದಲಿನಷ್ಟೆ. ಟೊಮೇಟೊ ಬೆಳೆದ ರೈತನ ಕಥೆ! ಇನ್ನೂ ಒಂದು ತೊಡಕಿದೆ: ಹಳಬನು ಹತ್ತು ಹೊಸ ಹೆಸರುಗಳಲ್ಲಿ ಸೇರಿ, ಹೊಸಬನ ವೇಷದಲ್ಲಿ ಆ ರಿಯಾಯಿತಿಯನ್ನು ತಾನೇ ಉಣ್ಣುತ್ತಾನೆ. 2016ರ ನವೆಂಬರಿನಲ್ಲಿ ಚಂದಾ ಕೊಡದೆಯೂ ಆಡಲು ಅವಕಾಶ ಮಾಡಿದಾಗ, ಅಂಥ ಉಚಿತ ಖಾತೆಯನ್ನು ಬೇರೆ ಖಾತೆಯ ಜೊತೆಜೊತೆಗೇ ನಡೆಸಕೂಡದೆಂದು ಕಟ್ಟು ಹಾಕಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಹೊಸಬನನ್ನು ಕಾಪಾಡಿದ್ದು ಏನು? ನಮ್ಮ ತಿಳಿವಳಿಕೆಯಲ್ಲಿ, ಅತ್ಯಂತ ಅಗ್ಗದ ಒಂದು ಕಲ್ಲು. ವೆಲ್ಡ್‌ಸ್ಪಾರ್ ಎಂದು ಅದರ ಹೆಸರು. ಪೊಲೀಸರಿರುವ ಸುರಕ್ಷಿತ ಪ್ರದೇಶದಲ್ಲಿಯೇ ಸಿಗುತ್ತದೆ. ಮೊದಲ ದಿನ ಬಂದವನೂ ಅಗೆಯಬಹುದು. ಅದನ್ನು ಕರಗಿಸಿದರೆ ಟ್ರಿಟೇನಿಯಮ್ ಎಂಬ ಲೋಹ. ಚಿಕ್ಕ ದೋಣಿಯಂಥ ಹಡಗಿನಿಂದ ಹಿಡಿದು ಮಹಾನೌಕೆಯವರೆಗೆ ಯಾವುದನ್ನು ಕಟ್ಟಬೇಕಾದರೂ ರಾಶಿಗಟ್ಟಲೆ ಬೇಕಾಗುವುದು ಇದೇ ಲೋಹ. ದೂರದ ಅಪಾಯದ ಸೀಮೆಯಲ್ಲಿ ಅಪೂರ್ವ ಅದಿರು ತೆಗೆಯುವ ಹಳಬನಿಗೂ ಇದು ಬೇಕು. ಆದರೆ ತನ್ನ ದೊಡ್ಡ ಹಡಗನ್ನು ಈ ಅಗ್ಗದ ಕಲ್ಲಿನ ಮುಂದೆ ನಿಲ್ಲಿಸಲು ಅವನಿಗೆ ಮನಸ್ಸಿಲ್ಲ. ಕೊಂಡುಬಿಡುತ್ತಾನೆ. ಮುಂಬಯಿಯ ನಮ್ಮ ಉಡುಪಿ ಹೋಟೆಲುಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೋಟೆಲು ಎಷ್ಟು ದೊಡ್ಡದಾದರೂ ಲೋಟ ತೊಳೆಯುವವನು ಬೇಕೇ ಬೇಕು. ಊರಿನಿಂದ ನಿನ್ನೆ ಬಂದ ಹುಡುಗನಿಗೆ ಬಾಗಿಲು ತೆರೆದದ್ದು ಯಾರ ಕರುಣೆಗಿಂತಲೂ ಹೆಚ್ಚಾಗಿ ಆ ಲೋಟಗಳೇ. ಹೊಸಬನಿಗೆ ಹೆಚ್ಚು ಕೊಡುವುದಕ್ಕಿಂತ, ಅವನು ತರಬಲ್ಲ ವಸ್ತು ದೊಡ್ಡವರಿಗೆ ಬಿಡಲಾರದಷ್ಟು ಬೇಕಾಗಿರುವಂತೆ ಮಾಡುವುದು ಗಟ್ಟಿಯಾದ ಉಪಾಯ.

ಇದರ ಪಕ್ಕದಲ್ಲೇ ಇನ್ನೊಂದು ಆಟವನ್ನಿಟ್ಟು ನೋಡಬಹುದು. ಇಂಗ್ಲೆಂಡಿನ ಕೇಂಬ್ರಿಡ್ಜಿನ ಫ್ರಾಂಟಿಯರ್ ಕಂಪನಿಯ 'ಎಲೀಟ್ ಡೇಂಜರಸ್' 2014ರಲ್ಲಿ ಬಂದಿತು. ಅಲ್ಲಿ ಅದಿರನ್ನು ಕೊಳ್ಳುವುದು ಆಟವೇ ನಡೆಸುವ ನಿಲ್ದಾಣ. 2018ರ ಡಿಸೆಂಬರಿನಲ್ಲಿ ಬಂಡೆಯ ಬಿರುಕುಗಳಿಗೆ ಸ್ಫೋಟಕವಿಟ್ಟು ಸೀಳಿ ರತ್ನ ತೆಗೆಯುವ ಹೊಸ ವಿಧಾನ ಸೇರಿಸಿದರು. ಮಜವಾಗಿತ್ತು, ಹಣವೂ ಮಳೆಯಂತೆ ಸುರಿಯಿತು. ಸುಮಾರು ಹದಿನಾಲ್ಕು ಕೋಟಿ ಎಪ್ಪತ್ತು ಲಕ್ಷ ನಾಣ್ಯದ 'ಅನಕೊಂಡ' ಹಡಗನ್ನು ಹಿಂದಿನವರು ತಿಂಗಳುಗಟ್ಟಲೆ ಕಾದು ಕೊಂಡಿದ್ದರೆ, ಈಗ ಬಂದವರು ಕೆಲವೇ ದಿನಗಳಲ್ಲಿ ಕೊಂಡರು. ಆಮೇಲೆ? ಆ ಹಡಗು ಒಡೆದರೆ ಮತ್ತೆ ಪಡೆಯಲು ಬೆಲೆಯ ನೂರಕ್ಕೆ ಐದರಷ್ಟು ಕಟ್ಟಬೇಕು, ಅಂದರೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು. ಹಡಗು ನಡೆಸುವ ಕೈ ಪಳಗುವ ಮೊದಲೇ ಹಡಗು ಬಂದಿತ್ತು. ನಡುವಣ ಚಿಕ್ಕ ಹಡಗುಗಳೆಲ್ಲ ಯಾರಿಗೂ ಬೇಡವಾದವು. ಕಂಪನಿಯವರು ಆಮೇಲೆ ಗಣಿಯ ಲಾಭವನ್ನು ಇಳಿಸಿದರು; ಅದರಿಂದ ಸಿಟ್ಟಾದವರೂ ಉಂಟು. ಕೊಟ್ಟು ಕಸಿಯುವುದಕ್ಕಿಂತ ಮೊದಲೇ ಅಳತೆಯಲ್ಲಿ ಕೊಡುವುದು ಸುಲಭವಾಗಿತ್ತೆಂದು ನಮಗೆ ತೋರುತ್ತದೆ.

ಮತ್ತೆ ಈವ್‌ಗೆ ಬರೋಣ. ಅಲ್ಲಿ ಆರಂಭದ ವರ್ಷಗಳಲ್ಲಿ ಹೊಸಬನ ಸ್ಥಿತಿ ಪಾಪ ಎನ್ನುವಂತಿತ್ತು. ಅವನ ಹಡಗಿನಲ್ಲಿ ಅದಿರು ಹಿಡಿಸುತ್ತಿರಲಿಲ್ಲ. ಆದುದರಿಂದ ತೆಗೆದದ್ದನ್ನು ಹೊರಗೆ ಎಸೆದ ಡಬ್ಬಿಯಲ್ಲಿ ತುಂಬಿಡುತ್ತಿದ್ದ. ಒಂದು ಡಬ್ಬಿಗೆ 27,500 ಘನಮೀಟರು ಹಿಡಿಯುತ್ತಿತ್ತು. ಕಳ್ಳನೊಬ್ಬ ಬಂದು ಆ ಡಬ್ಬಿಯಿಂದ ಎತ್ತಿಕೊಳ್ಳುತ್ತಿದ್ದ. ಕದ್ದವನ ಮೇಲೆ ಗುಂಡು ಹಾರಿಸುವ ಹಕ್ಕು ಕಳೆದುಕೊಂಡವನಿಗೆ ಇತ್ತು. ಆದರೆ ಅವನು ಹಾರಿಸಿದ ಕೂಡಲೇ ತಿರುಗಿ ಹೊಡೆಯುವ ಹಕ್ಕು ಕಳ್ಳನಿಗೂ ಬರುತ್ತಿತ್ತು! ಕಳ್ಳನಿಗೆ ಬೇಕಾದದ್ದೂ ಅದೇ. ಸಿಟ್ಟಿಗೆದ್ದ ಎಷ್ಟು ಎಳೆಯರು ಹೀಗೆ ಅದಿರನ್ನೂ ಹಡಗನ್ನೂ ಒಟ್ಟಿಗೆ ಕಳೆದುಕೊಂಡರೋ!

2012ರ ಡಿಸೆಂಬರಿನಲ್ಲಿ ಎರಡೂ ಬದಲಾದವು. ಕದ್ದವನ ಮೇಲೆ ಯಾರು ಬೇಕಾದರೂ ಗುಂಡು ಹಾರಿಸಬಹುದೆಂದಾಯಿತು. ಜೊತೆಗೆ ಹೊಸಬನಿಗೆಂದೇ 'ವೆಂಚರ್' ಎಂಬ ಹಡಗು ಬಂದಿತು. ಅದಿರಿಗೇ ಮೀಸಲಾದ 5,000 ಘನಮೀಟರು ಕೋಣೆ, ಎರಡು ಲೇಸರು, ಎರಡು ಪಟ್ಟು ಇಳುವರಿ. ಆಗಿನ ಸಾಧಾರಣ ಲೇಸರು ನಿಮಿಷಕ್ಕೆ 40 ಘನಮೀಟರು ತೆಗೆಯುತ್ತಿತ್ತು. ಆ ಲೆಕ್ಕದಲ್ಲಿ ಅರ್ಧ ಗಂಟೆಯ ಮೇಲೆ ಒಂದೋ ಎರಡೋ ನಿಮಿಷಕ್ಕೆ ಕೋಣೆ ಭರ್ತಿ. (ಊಟಕ್ಕೆ ಬರಲು ಹತ್ತು ನಿಮಿಷವೆಂದವನ ಲೆಕ್ಕವನ್ನು ತಾಯಂದಿರು ಇಲ್ಲಿ ಸರಿನೋಡಿಕೊಳ್ಳಬಹುದು.) ಎಲ್ಲಕ್ಕಿಂತ ಜಾಣತನದ್ದೆಂದರೆ, ಹಿಡಿದು ನಿಲ್ಲಿಸುವ ಬಲೆಯಿಂದ ಜಾರಿ ಓಡುವ ಶಕ್ತಿಯನ್ನು ಅದಕ್ಕೆ ಹುಟ್ಟಿನಿಂದಲೇ ಕೊಟ್ಟದ್ದು. ಬೆಲೆಯೂ ಕಡಿಮೆ. ಹೋದರೂ ಮನಸ್ಸು ಮುರಿಯುವಷ್ಟು ನಷ್ಟವಾಗುವುದಿಲ್ಲ.

ದೊಡ್ಡ ಗಣಿ ಹಡಗುಗಳಿಗೂ ಅದೇ ವರ್ಷದ ಆಗಸ್ಟಿನಲ್ಲಿ ತಿದ್ದುಪಡಿಯಾಗಿತ್ತು. ಅದಕ್ಕೆ ಮುಂಚೆ ಅವು ಏಣಿಯಂತಿದ್ದವು: ಪ್ರೊಕ್ಯೂರರ್ ಕೆಳಗೆ, ಅದರ ಮೇಲೆ ರಿಟ್ರೀವರ್, ಅದರ ಮೇಲೆ ಕೋವೆಟರ್. ಮೇಲಿನದು ಬಂದರೆ ಕೆಳಗಿನದು ಕಸ. ತಿದ್ದಿದ ಮೇಲೆ ಪ್ರೊಕ್ಯೂರರಿಗೆ ಗಟ್ಟಿ ಮೈ, ರಿಟ್ರೀವರಿಗೆ ದೊಡ್ಡ ಹೊಟ್ಟೆ, ಕೋವೆಟರಿಗೆ ಹೆಚ್ಚು ಇಳುವರಿ. ಆದರೆ ಅದರ ಮೈ ಮೆತ್ತಗೆ. ಸುರಕ್ಷಿತ ಸೀಮೆಯಲ್ಲೂ ಕಾಂಕಾರ್ಡ್ ಎಂಬ ಪೊಲೀಸರು ಅಪರಾಧವನ್ನು ತಡೆಯುವುದಿಲ್ಲ, ಆದ ಮೇಲೆ ಬಂದು ಶಿಕ್ಷಿಸುತ್ತಾರೆ. ತನ್ನ ಅಗ್ಗದ ಹಡಗು ಹೋದರೂ ಚಿಂತೆಯಿಲ್ಲವೆಂದು ಗಣಿಗಾರನ ಬೆಲೆಬಾಳುವ ಹಡಗನ್ನು ಒಡೆಯುವ ತಂಡಗಳು ಇದ್ದವು, ಇವೆ. ಅಂಥ ಕಡೆ ಎಷ್ಟು ಲಾಭಕ್ಕೆ ಎಷ್ಟು ಅಪಾಯ ಎಂದು ಹೊಸಬನೂ ತೂಗಿ ಆರಿಸಿಕೊಳ್ಳುವಂತಾಯಿತು.

ಕೊರತೆಯಿಂದ ಪಾಠ ಕಲಿಸುವ ಪ್ರಯೋಗವೂ ಅಲ್ಲಿ ನಡೆಯಿತು. ಸಂಪತ್ತು ಮಿತಿಮೀರಿತೆಂದು 2019ರ ಕೊನೆಯಿಂದ ಸುಮಾರು ಎರಡು ವರ್ಷ ಬಂಡೆಗಳನ್ನೇ ಕಡಿಮೆ ಮಾಡಿದರು. ಅದಿರಿನ ಬೆಲೆ ಏರಿತು, ಹೊಸಬನ ಹಡಗಿನ ತುಂಬಕ್ಕೆ ಒಳ್ಳೆಯ ಕಾಸು ಬಂದಿತು. ಆದರೆ ಅವನು ಕನಸು ಕಂಡ ಹಡಗಿನ ಬೆಲೆಯೂ ಅದರೊಡನೆ ಮೇಲೇರಿತು. ಮೊದಲೇ ಗೋದಾಮು ತುಂಬಿಕೊಂಡಿದ್ದವರಿಗೆ ಮಾತ್ರ ಏನೂ ಆಗಲಿಲ್ಲ. ಕೊರತೆಯ ಭಾರ ಯಾವಾಗಲೂ ಉಗ್ರಾಣವಿಲ್ಲದವನ ತಲೆಯ ಮೇಲೆಯೇ ಬೀಳುವುದೆಂದು ಆಟ ಕಟ್ಟುವವರಿಗೆ ಯಾರಾದರೂ ಗೃಹಿಣಿಯರು ಮೊದಲೇ ಹೇಳಬಹುದಾಗಿತ್ತು.

ತಂದೆತಾಯಿಗಳು ತಿಳಿದಿರಬೇಕಾದ ಒಂದು ಸಂಗತಿ ಉಳಿಯಿತು. ಈವ್‌ನಲ್ಲಿ 'ಪ್ಲೆಕ್ಸ್' ಎಂಬ ಪದಾರ್ಥವನ್ನು ನಿಜವಾದ ಹಣ ಕೊಟ್ಟು ಕೊಂಡು, ಸಂತೆಯಲ್ಲಿ ಆಟದ ನಾಣ್ಯಕ್ಕೆ ಮಾರಬಹುದು. ಗಣಿಯ ಕೂಲಿ ತೀರ ಕಡಿಮೆಯಾದರೆ ಹುಡುಗನ ಕಣ್ಣು ತಾನಾಗಿ ಅಪ್ಪನ ಕಾರ್ಡಿನ ಕಡೆ ಹೊರಳುತ್ತದೆ. "ನೀನು ಒಂದು ವಾರ ಅಗೆದದ್ದನ್ನು ರೂಪಾಯಿಗೆ ಕೊಳ್ಳಬೇಕಾದರೆ ಎಷ್ಟಾಗುತ್ತದೆ?" ಎಂದು ಕೇಳಿ ನೋಡಿ. ಉತ್ತರ ತೀರ ಚಿಕ್ಕದಾಗಿದ್ದರೆ ಆ ಆಟದ ಗಣಿ ಹೊಸಬನಿಗಾಗಿ ಅಲ್ಲ, ಅಂಗಡಿಗಾಗಿ ಇದೆಯೆಂದು ತಿಳಿಯಬಹುದು. ಕಳೆದುಕೊಳ್ಳಲಾರದ ಹಡಗನ್ನು ಹತ್ತಬೇಡ ಎಂಬ ಮಾತು ಆ ಆಟಗಾರರಲ್ಲೇ ರೂಢಿಯಲ್ಲಿದೆ. ಅದನ್ನು ಹುಡುಗನ ಬಾಯಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

ಇನ್ನು ನಮ್ಮ ಎಳೆಯ ಗಣಿಗಾರರಿಗೆ ಒಂದು ಅನುಕೂಲದ ಮಾತು. ಈವ್ ಲೋಕ ದಿನಕ್ಕೊಮ್ಮೆ ಗ್ರೀನಿಚ್ ಕಾಲ 11 ಗಂಟೆಗೆ ಕೆಲವು ನಿಮಿಷ ಬಾಗಿಲು ಹಾಕುತ್ತದೆ. ತೆರೆದಾಗ ಅಗೆದು ಬರಿದಾದ ಬಂಡೆಗಳು ಮತ್ತೆ ಚಿಗುರಿರುತ್ತವೆ. ನಮ್ಮ ಗಡಿಯಾರದಲ್ಲಿ ಅದು ಸಂಜೆ ನಾಲ್ಕೂವರೆ. ಆ ಹೊತ್ತಿಗೆ ಅಮೆರಿಕದಲ್ಲಿ ಬೆಳಗಿನ ನಿದ್ದೆ, ಯೂರೋಪಿನಲ್ಲಿ ಕಚೇರಿಯ ವೇಳೆ. ಶಾಲೆಯಿಂದ ಬಂದು ಕಾಫಿ ಕುಡಿದು ಕೂತವರಿಗೆ ತಾಜಾ ಬಂಡೆಗಳು ಕಾದಿರುತ್ತವೆ. ಹೀಗೆ ಆಡುವವರು ತಮ್ಮ ಅನುಭವವನ್ನು ಕನ್ನಡದಲ್ಲೇ, ಎರಡು ಪುಟ ಮೀರದಂತೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಅಚ್ಚು ಮಾಡುತ್ತೇವೆ.